ರಾಲಿ, ಕ್ಯಾರಿ, ಮಾರಿಸ್‌ವಿಲ್: ಮನೆ ಹಿಡಿಯುವ ಮುಂಚೆ

ಅಮೆರಿಕದ ನಾರ್ತ್ ಕ್ಯಾರೊಲಿನಾದ ಈ ಊರುಗಳಿಗೆ ಬರುವ ನಮ್ಮವರು ಮನೆ ಹುಡುಕುವ ರೀತಿ ಹೆಚ್ಚುಕಡಿಮೆ ಒಂದೇ. ಮ್ಯಾಪಿನಲ್ಲಿ ಆಫೀಸು ಎಷ್ಟು ದೂರ ಅಂತ ನೋಡುತ್ತಾರೆ, ಈಜುಕೊಳದ ಫೋಟೊ ನೋಡುತ್ತಾರೆ, ಬೆಂಗಳೂರಿನಲ್ಲಿ ಕೂತೇ ಸಹಿ ಹಾಕಿಬಿಡುತ್ತಾರೆ. ನಾವೂ ಅಷ್ಟೇ. ಆ ಕೊಳದಲ್ಲಿ ಕಾಲು ನೆನೆಸಿದ ನೆನಪೂ ನಮಗಿಲ್ಲ. ಆಫೀಸಿನ ದೂರಕ್ಕೂ ತಲೆ ಕೆಡಿಸಿಕೊಳ್ಳಬೇಡಿ. ಸಿಲ್ಕ್ ಬೋರ್ಡ್ ದಾಟಿ ಬಂದವರಿಗೆ ಐ-40 ರಸ್ತೆಯ ಟ್ರಾಫಿಕ್ ಒಂದು ಟ್ರಾಫಿಕ್ಕೇ ಅಲ್ಲ.

ಕಾಗದಪತ್ರ ಸುಲಭ. ಆಫರ್ ಲೆಟರ್, ಪಾಸ್‌ಪೋರ್ಟ್, ವೀಸಾ. ಸಂಬಳ ಬಾಡಿಗೆಯ ಮೂರು ಪಟ್ಟಾದರೂ ಇರಬೇಕು ಅಂತ ಬಹಳ ಕಡೆ ಕೇಳುತ್ತಾರೆ. ಹತ್ತು ತಿಂಗಳ ಅಡ್ವಾನ್ಸ್ ಕಾಟ ಇಲ್ಲಿಲ್ಲ. ವರ್ಷದ ಲೀಸಿಗೆ (ಇಲ್ಲಿ ಲೀಸ್ ಅಂದರೆ ಬಾಡಿಗೆ ಕರಾರು) ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಡಿಪಾಸಿಟ್ ಕೇಳುವಂತಿಲ್ಲ, ರಾಜ್ಯದ ಕಾನೂನೇ ಇದೆ. ಕೀ ಕೈಗೆ ಬಂದ ದಿನವೇ ಕಾರ್ಪೆಟ್ಟಿನ ಹಳೇ ಕಲೆಗಳ ಫೋಟೊ ತೆಗೆದಿಡಿ. ಲೀಸ್ ಮುಗಿಯಿತು ಅಂತ ಸುಮ್ನೆ ಮನೆ ಬಿಟ್ಟು ಹೋಗಲು ಆಗದು. 60 ದಿನ ಮುಂಚೆ ಬರೆದು ತಿಳಿಸಿ ಅಂತ ಒಳಪುಟದಲ್ಲೆಲ್ಲೋ ಇರುತ್ತದೆ. ತಿಳಿಸದಿದ್ದರೆ ಲೀಸ್ ತಿಂಗಳು ತಿಂಗಳಿನ ಲೆಕ್ಕಕ್ಕೆ ಬಿದ್ದು ಬಾಡಿಗೆ ಏರುತ್ತದೆ. ಆ ಏರಿದ ಬಾಡಿಗೆ ಕಟ್ಟುವಾಗ ಬಂದ ಸಿಟ್ಟು ನನಗಿನ್ನೂ ಇಳಿದಿಲ್ಲ.

ಮನೆ ತೋರಿಸುವ ಹುಡುಗಿ ಗ್ರಾನೈಟ್ ಕಟ್ಟೆ ತೋರಿಸುತ್ತಾಳೆ. ನೀವು ಒಲೆಯ ಮೇಲಿನ ಫ್ಯಾನ್ ಹಾಕಿ, ಅದರ ಮುಂದೆ ಕೈ ಹಿಡಿಯಿರಿ. ಗಾಳಿ ಕೈಗೇ ಬಂದು ಬಡಿದರೆ ಹೊಗೆ ಹೊರಗೆ ಹೋಗುವುದಿಲ್ಲ ಅಂತ ಅರ್ಥ. ಅಂಥ ಮನೆಯಲ್ಲಿ ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದ ಕೂಡಲೇ ಹೊಗೆಯ ಅಲಾರಂ ಕಿರುಚುತ್ತದೆ. ಒಬ್ಬರು ಒಗ್ಗರಣೆ ಹಾಕಬೇಕು, ಇನ್ನೊಬ್ಬರು ಅಲಾರಂ ಕೆಳಗೆ ಟವೆಲ್ ಬೀಸುತ್ತಾ ನಿಲ್ಲಬೇಕು. ಇಂಗಿನ ವಾಸನೆ ಕಾರ್ಪೆಟ್ಟಿಗೆ ಇಳಿದರೆ ಮತ್ತೆ ಹೋಗುವುದಿಲ್ಲ. ಕಾರ್ಪೆಟ್ ಇಲ್ಲದ ಮನೆ ಸಿಕ್ಕರೆ ಸ್ವಲ್ಪ ಜಾಸ್ತಿಯಾದರೂ ಕೊಡಿ. ಬಾಗಿಲ ಹೊರಗೆ ಚಪ್ಪಲಿ ಬಿಡಬಾರದು, ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಬಾರದು ಅಂತಲೂ ಹಲವು ಕಡೆ ನಿಯಮ ಇದೆ. ಹೊರಗೆ 35 ಡಿಗ್ರಿ ಬಿಸಿಲು ಸುರಿಯುತ್ತಿರುತ್ತದೆ, ಒಳಗೆ ನಾವು ಕರೆಂಟ್ ಸುಟ್ಟು ಟವೆಲ್ ಒಣಗಿಸುತ್ತಿರುತ್ತೇವೆ. ನಮ್ಮಮ್ಮ ಇದನ್ನು ಇವತ್ತಿಗೂ ಕ್ಷಮಿಸಿಲ್ಲ.

ಮಕ್ಕಳಿದ್ದರೆ, ಯಾವ ಸ್ಕೂಲು ಅನ್ನುವುದು ಮನೆಯ ವಿಳಾಸದ ಮೇಲೆ ನಿಂತಿದೆ. ಆದರೆ ಈ ಊರುಗಳಿರುವ ವೇಕ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಥರ) ಕೆಲವು ಸ್ಕೂಲು ಭರ್ತಿಯಾಗಿ ಹೊಸಬರನ್ನು ಬೇರೆ ಕಡೆ ಕಳಿಸುತ್ತವೆ. ಸಹಿಗೆ ಮುಂಚೆ ಕೌಂಟಿಯ ಪಟ್ಟಿ ನೋಡಿ. ಕೆಲವು ಸ್ಕೂಲು ವರ್ಷವಿಡೀ ನಡೆಯುತ್ತವೆ: 45 ದಿನ ಪಾಠ, 15 ದಿನ ರಜೆ. ಊರಿಗೆ ಎರಡು ತಿಂಗಳು ಹೋಗಿ ಬರುವ ಆಸೆ ಇದ್ದರೆ ಅದನ್ನು ಅಲ್ಲೇ ಮರೆಯಬೇಕು.

ಇಷ್ಟೆಲ್ಲ ಲೆಕ್ಕ ಹಾಕುವವರು ಒಂದು ಮರೆಯುತ್ತಾರೆ. ಈ ಮನೆಯಲ್ಲಿ ಹಗಲೆಲ್ಲ ಇರುವವರು ಯಾರು? ಆರು ತಿಂಗಳಿಗೆಂದು ಬರುವ ಅಪ್ಪ ಅಮ್ಮ. ಇಲ್ಲಿನ ಅಪಾರ್ಟ್‌ಮೆಂಟ್‌ಗಳು ಹೆಚ್ಚಾಗಿ ಮೂರು ಅಂತಸ್ತು, ಲಿಫ್ಟ್ ಇರುವುದಿಲ್ಲ. ಮೇಲಿನ ಮನೆಯಲ್ಲಿ ತಲೆ ಮೇಲೆ ಯಾರೂ ದಬದಬ ನಡೆಯುವುದಿಲ್ಲ, ಸರಿ. ಮೊಣಕಾಲು ನೋವಿನ ಅಮ್ಮ ಆ ಮೆಟ್ಟಿಲು ನೋಡಿ ಒಳಗೇ ಕೂರುತ್ತಾರೆ. ಗೇಟಿನಾಚೆ ಫುಟ್‌ಪಾತ್ ಅರ್ಧಕ್ಕೇ ನಿಂತಿದ್ದರೆ ಅಪ್ಪನೂ ಹೋಗುವುದಿಲ್ಲ. ಮೂರನೇ ತಿಂಗಳಿಗೆ "ಟಿಕೆಟ್ ಮುಂಚೆ ಹಾಕಿಸಪ್ಪ" ಅನ್ನುತ್ತಾರೆ.

ಅದಕ್ಕೇ ಕೆಳಗಿನ ಮನೆ ಹಿಡಿಯಿರಿ, ಕಾಲ್ನಡಿಗೆಗೆ ಏನಾದರೂ ಸಿಗುವ ಕಡೆ. ಕ್ಯಾರಿಯಲ್ಲಿ ಬ್ಲ್ಯಾಕ್ ಕ್ರೀಕ್ ಹಾದಿ ಲೇಕ್ ಕ್ರಾಬ್‌ಟ್ರೀ ಕೆರೆಯವರೆಗೂ ಹೆಚ್ಚಾಗಿ ಮರದ ನೆರಳಲ್ಲೇ ಹೋಗುತ್ತದೆ. ಮಾರಿಸ್‌ವಿಲ್‌ನ ಚರ್ಚ್ ಸ್ಟ್ರೀಟ್ ಪಾರ್ಕ್‌ನಲ್ಲಿ ಕ್ರಿಕೆಟ್ ಮೈದಾನ ಇದೆ. 2023ರಲ್ಲಿ ಅಮೆರಿಕದ ಟಿ20 ಲೀಗ್ ಆದ ಮೇಜರ್ ಲೀಗ್ ಕ್ರಿಕೆಟ್‌ನ ಕೆಲವು ಪಂದ್ಯಗಳು ಅಲ್ಲಿ ನಡೆದವು. ವಾರಾಂತ್ಯ ಅಲ್ಲಿ ಬೆಂಚ್ ಹಿಡಿದು ಕೂತ ಅಪ್ಪಂದಿರಿಗೆ ಟೀವಿ ಬೇಕಾಗುವುದಿಲ್ಲ. ಕ್ಯಾರಿಯ ವೆಂಕಟೇಶ್ವರ ದೇವಸ್ಥಾನಕ್ಕೆ 2022ರಲ್ಲಿ 87 ಅಡಿಯ ರಾಜಗೋಪುರ ಬಂತು. ಹಬ್ಬದ ದಿನ ಹೋದರೆ ಕನ್ನಡ ಮಾತಾಡುವ ಇನ್ನೊಬ್ಬ ಅಜ್ಜಿ ಸಿಕ್ಕೇ ಸಿಗುತ್ತಾರೆ.

ಮಾರಿಸ್‌ವಿಲ್‌ನಲ್ಲಿ ಎತ್ತ ನೋಡಿದರೂ ನಮ್ಮವರೇ. ಮಕ್ಕಳಿಗೆ ಭಾಷೆ ತಾನಾಗಿ ಬರುತ್ತದೆ ಅಂದುಕೊಂಡಿದ್ದೆವು. ಬರಲಿಲ್ಲ. ಪಕ್ಕದ ತೆಲುಗು ಹುಡುಗ, ಎದುರಿನ ಗುಜರಾತಿ ಹುಡುಗಿ, ನಮ್ಮವಳು, ಮೂವರೂ ಸೇರಿದರೆ ಇಂಗ್ಲಿಷೇ. ಅಜ್ಜಿ ಇದ್ದಷ್ಟು ದಿನ ಮಾತ್ರ "ಅಜ್ಜಿ, ಇನ್ನೊಂಚೂರು ತುಪ್ಪ ಹಾಕು" ಅಂತ ಕನ್ನಡ ಹೊರಡುತ್ತದೆ. ಅಜ್ಜಿ ಮೂರು ತಿಂಗಳಿಗೇ ಹೊರಟರೆ ಅದೂ ಹೊರಟಿತು. ಇಲ್ಲಿನ ಕನ್ನಡ ಸಂಘದ ಕ್ಲಾಸಿಗೆ ಸೇರಿಸಿ, ಬೇಡ ಅನ್ನುವುದಿಲ್ಲ. ವಾರಕ್ಕೊಂದು ಕ್ಲಾಸು ಅಷ್ಟು ದೂರ ಎಳೆಯುವುದಿಲ್ಲ, ಅಲ್ವಾ?

ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ ಪೈನ್ ಮರದ ಹಳದಿ ಪರಾಗದ ಪುಡಿ ಕಾರು, ಕಿಟಕಿ, ಮೂಗು ಯಾವುದನ್ನೂ ಬಿಡುವುದಿಲ್ಲ. ಆಸ್ತಮಾ ಇರುವ ಹಿರಿಯರನ್ನು ಆಗ ಕರೆಸಬೇಡಿ. ಸೆಪ್ಟೆಂಬರ್ ಕೊನೆಗೆ ಬಂದರೆ ಒಳ್ಳೆಯದು. ಮನೆ ನೋಡಲು ಹೋದಾಗ ಲೀಸಿಂಗ್ ಆಫೀಸಿನ ಎದುರು ಕಾರು ಬಿಟ್ಟು ಹತ್ತಿರದ ಅಂಗಡಿವರೆಗೆ ನಡೆದೇ ಹೋಗಿ ಬನ್ನಿ. ಜುಲೈ ಆದರೆ ಬೆಳಿಗ್ಗೆ ಎಂಟರೊಳಗೆ ಮುಗಿಸಿ.