ನಾನು ಮಾಡಿದ ಮೊದಲ ತೊಗಲು ಗೊಂಬೆ

2025ರಲ್ಲಿ ಕೊಪ್ಪಳ ಜಿಲ್ಲೆ ಮೋರನಾಳದ, ತೊಗಲು ಗೊಂಬೆಗಳನ್ನು ಪರದೆಯ ಹಿಂದೆ ದೀಪದ ಬೆಳಕಿನಲ್ಲಿ ಆಡಿಸಿ ಕಥೆ ಹೇಳುವ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂದಾಗಿನಿಂದ ಪರಿಚಯದವರು ಕೇಳುತ್ತಲೇ ಇದ್ದಾರೆ, ಗೊಂಬೆ ಮಾಡೋದು ಹೇಗೆ ಅಂತ. ನಾನು ಗೊಂಬೆ ಆಡಿಸುವ ಮನೆತನದವನಲ್ಲ. ನಮ್ಮ ಕಡೆಯ ಒಬ್ಬ ಗೊಂಬೆಯಾಟದ ಅಜ್ಜನ ಮನೆಗೆ ಓಡಾಡಿ ಕಲಿತವನು. ಮೊದಲು ಮಾಡಿದ್ದು ಆಂಜನೇಯ.

ಆಡಿನ ತೊಗಲು ತೆಳು, ಬೆಳಕು ಹಾಯುತ್ತದೆ. ಕೂದಲು ಬೇಗ ಕಿತ್ತು ಬರಲಿ ಅಂತ ನಾನು ಕುದಿಯುವ ನೀರು ಸುರಿದುಬಿಟ್ಟೆ. ಕಣ್ಣೆದುರೇ ತೊಗಲು ಮುದುಡಿ ದಪ್ಪಗಾಯಿತು, ಬಿಡಿಸಲು ಬರಲೇ ಇಲ್ಲ. ಅಜ್ಜ ಬೈಯಲಿಲ್ಲ, ಇನ್ನೊಂದು ತೊಗಲು ಕೊಟ್ಟು ನನ್ನ ಬೆರಳು ನೀರಿನಲ್ಲಿ ಅದ್ದಿಸಿದರು. ಬೆರಳು ಆರಾಮವಾಗಿ ತಡೆಯುವಷ್ಟೇ ಬಿಸಿ ಸಾಕು. ಆಮೇಲೆ ಎರಡೂ ಬದಿ ಹೆರೆಯಬೇಕು, ಕೂದಲೂ ಹೋಗಬೇಕು, ಒಳಗಿನ ಮಾಂಸದ ಪೊರೆಯೂ ಹೋಗಬೇಕು. ಹಲಗೆಗೆ ಮೊಳೆ ಹೊಡೆದು ಬಿಗಿಯಾಗಿ ಎಳೆದು ನೆರಳಲ್ಲಿ ಒಣಗಿಸಿದೆವು. ಒಣಗಿದ ತೊಗಲನ್ನು ತಟ್ಟಿದರೆ ಹಪ್ಪಳದ ಹಾಗೆ ಸದ್ದು ಬರುತ್ತದೆ.

ಚಿತ್ರ ಬರೆಯುವುದು ನನಗೆ ಕಷ್ಟ ಆಗಲಿಲ್ಲ. ಕಿರೀಟ, ಬಾಲ, ಸೊಂಟದ ಪಟ್ಟಿ ಎಲ್ಲಾ ಚಂದ ಬಂತು ಅಂದುಕೊಂಡು ತೋರಿಸಿದೆ. ಅಜ್ಜ ಅದನ್ನು ದೀಪಕ್ಕೆ ಹಿಡಿದು, "ತಮ್ಮಾ, ಗೆರಿ ನಿನಗ ಕಾಣತೈತಿ, ಮಂದಿಗೆ ಕಾಣೂದು ತೂತು" ಅಂದರು. ನಿಜ. ದೂರ ಕೂತವರಿಗೆ ಒಡವೆ, ಕಣ್ಣು, ಬಟ್ಟೆಯ ಅಂಚು ಎಲ್ಲವನ್ನೂ ತೋರಿಸುವುದು ತೂತಿನಿಂದ ಬರುವ ಬೆಳಕೇ. ಹಾಗಾಗಿ ಮರದ ದಿಮ್ಮಿ ಮೇಲೆ ತೊಗಲಿಟ್ಟು ಸಣ್ಣ ಉಳಿಯಿಂದ ಒಂದೊಂದೇ ತೂತು ಹೊಡೆಯುತ್ತಾ ಹೋದೆ. ತೀರಾ ಹತ್ತಿರ ಹೊಡೆದರೆ ಮಧ್ಯದ ತೊಗಲು ಹರಿಯುತ್ತದೆ, ನನ್ನ ಕಿರೀಟದ ಒಂದು ಮೂಲೆ ಹಾಗೇ ಹೋಯಿತು. ಹೊಲಿದು ಸರಿಮಾಡಿದೆ, ಈಗಲೂ ಆ ಹೊಲಿಗೆ ಪರದೆ ಮೇಲೆ ಕಾಣುತ್ತದೆ.

ಬಣ್ಣ ತೆಳುವಾಗಿರಬೇಕು, ಎರಡೂ ಬದಿಗೆ ಹಚ್ಚಬೇಕು. ದಪ್ಪ ಪೋಸ್ಟರ್ ಬಣ್ಣ ಬಳಿದರೆ ಕೈಯಲ್ಲಿ ಕೆಂಪಗೆ ಕಾಣುವುದು ಪರದೆ ಮೇಲೆ ಕಪ್ಪಾಗುತ್ತದೆ. ತೋಳನ್ನು ಬೇರೆ ಕತ್ತರಿಸಿ ದಾರದಿಂದ ಭುಜಕ್ಕೆ ಸಡಿಲವಾಗಿ ಕಟ್ಟಿದೆ. ಬಿದಿರು ಕಡ್ಡಿ ಸೀಳಿ, ಮಧ್ಯೆ ಗೊಂಬೆ ಸಿಕ್ಕಿಸಿ ಬಿಗಿದರೆ ಮುಗಿಯಿತು.

ಆಡಿಸುವುದು ಮಾತ್ರ ಬೇರೆಯೇ ವಿದ್ಯೆ. ಗೊಂಬೆ ಪರದೆಯ ಬಟ್ಟೆಗೆ ತಾಗಿರಬೇಕು, ಬೆರಳಗಲ ಹಿಂದೆ ಬಂದರೂ ಮುಖ ಮಸುಕು. ನನಗೆ ಬಲ್ಬಿಗಿಂತ ಎಣ್ಣೆ ದೀಪವೇ ಇಷ್ಟ, ಏಕೆಂದರೆ ಉರಿ ಅಲುಗಿದಾಗ ಸುಮ್ನೆ ನಿಂತ ಗೊಂಬೆಯೂ ಉಸಿರಾಡಿದ ಹಾಗೆ ಕಾಣುತ್ತದೆ, ಅದನ್ನು ಒಮ್ಮೆ ನೋಡಿದರೆ ಬಲ್ಬು ಸಪ್ಪೆ ಅನ್ನಿಸುತ್ತದೆ.

ಒಂದು ರಾತ್ರಿ ಅಜ್ಜನ ಆಟದಲ್ಲಿ ನನ್ನ ಆಂಜನೇಯನೂ ಬಂದ. ಮೊದಲು ಗಣಪತಿ, ಆಮೇಲೆ ಶಾರದೆ, ಆಟದ ಹಾಸ್ಯಗಾರ ಗೊಂಬೆ ಕಿಳ್ಳೇಕ್ಯಾತ ಬಂದು ಜನರನ್ನು ನಗಿಸಿದ. ಲಂಕೆಯ ಭಾಗ ಬಂದಾಗ ಅಜ್ಜ ನನ್ನ ಗೊಂಬೆಯನ್ನೇ ಕೈಗೆತ್ತಿಕೊಂಡರು. ಆಟ ಮುಗಿದ ಮೇಲೆ ಗೊಂಬೆಗಳನ್ನು ಕಟ್ಟುವಾಗ ಅವರು ಅದನ್ನು ನನಗೆ ವಾಪಸ್ ಕೊಡಲಿಲ್ಲ. ರಾವಣನ ಕಟ್ಟು ಬೇರೆ ಇತ್ತು. ಆಂಜನೇಯನನ್ನು ರಾಮ, ಲಕ್ಷ್ಮಣರ ಪಕ್ಕದಲ್ಲಿಟ್ಟು ಬಟ್ಟೆ ಸುತ್ತಿದರು.