ಒಪ್ಪಂದವನ್ನು ಖರೀದಿ ಪತ್ರದ ಹಾಗೆ ಓದಿಸಿದ ನನ್ನ ಅನುಭವ

ಹೈದರಾಬಾದಿನ ನಿಜಾಮರು ಮತ್ತು ಈಸ್ಟ್ ಇಂಡಿಯಾ ಕಂಪನಿ ಮಾಡಿಕೊಂಡ 1800ರ ಒಪ್ಪಂದವನ್ನು ಹುಡುಗರ ಕೈಗೇ ಕೊಟ್ಟು ಕಲಂ ಕಲಂ ಓದಿಸ್ತೀನಿ ಅಂದಾಗ ನಮ್ಮ ಭಾಗದ ಇತಿಹಾಸ ಮೇಷ್ಟ್ರುಗಳಲ್ಲಿ ಒಬ್ಬರೂ ಒಪ್ಪಲಿಲ್ಲ. "ಇಸವಿ, ಇಬ್ಬರ ಹೆಸರು, ನಾಲ್ಕು ಪರಿಣಾಮ. ಅಷ್ಟು ಬರೆಸಿ ಬಿಡ್ರಿ ಸರ, ಪರೀಕ್ಷೆಗೆ ಸಾಕು" ಅಂದರು. ಈಗ ಗಂಗಾವತಿಯ ನನ್ನ ಕೋಚಿಂಗ್ ಕೋಣೆಯಲ್ಲಿ ಹೋದ ಬ್ಯಾಚಿನ ನಲವತ್ತು ಚಿಲ್ಲರೆ ಹುಡುಗರಲ್ಲಿ ಮುಕ್ಕಾಲು ಪಾಲು ಒಪ್ಪಂದ ನೋಡಿಕೊಂಡು ನಕಾಶೆ ಮೇಲೆ ತಾವೇ ಗಡಿ ಎಳೀತಾರೆ. ಬೇಡ ಅಂದವರಲ್ಲೇ ಇಬ್ಬರು ಬಂದು ನನ್ನ ನಮೂನೆಯ ಜೆರಾಕ್ಸ್ ತಗೊಂಡು ಹೋಗಿದ್ದಾರೆ. ಅದಕ್ಕೇ ಇದನ್ನು ಬರೀತಿದ್ದೇನೆ.

ಮೊದಲು ದುಡ್ಡು ತಿಂದ ದಾರಿಗಳನ್ನು ಹೇಳಿಬಿಡ್ತೀನಿ. ಬ್ರಿಟಿಷರ ಕಾಲದ ಒಪ್ಪಂದಗಳ ಸಂಪುಟದ ಸ್ಕ್ಯಾನ್ ತೆಗೆದು ಇಂಗ್ಲಿಷಿನಲ್ಲೇ ಹಂಚಿದೆ. ಒಂದೊಂದು ವಾಕ್ಯ ಅರ್ಧ ಪುಟ. ಎರಡನೇ ಕಲಮಿಗೆ ಬರುವಷ್ಟರಲ್ಲಿ ಹಿಂದಿನ ಬೆಂಚು ಖಾಲಿ. ಆಮೇಲೆ ಪೂರ್ತಿ ಕನ್ನಡಕ್ಕೆ ತಂದೆ. ಡಿಟಿಪಿಗೆ ಪುಟಕ್ಕೆ ಮೂವತ್ತು ರೂಪಾಯಿ, ತಿದ್ದುಪಡಿಗೆ ಬೇರೆ ಲೆಕ್ಕ. ಜೆರಾಕ್ಸ್, ಸ್ಪೈರಲ್ ಎಲ್ಲಾ ಸೇರಿ ಆರು ಸಾವಿರದ ಹತ್ತಿರ ಹೋಯಿತು. ಪುಸ್ತಕ ಚೆನ್ನಾಗಿ ಬಂತು, ಹುಡುಗರು ಅದನ್ನು ಜೋಪಾನವಾಗಿ ಮನೆಯಲ್ಲಿಟ್ಟರು, ಅಷ್ಟೇ. ಓದಿದವರು ಕಡಿಮೆ. ಕೊನೆಯಲ್ಲಿರೋ ತಾಲ್ಲೂಕು ಪಟ್ಟಿಯನ್ನು ಸಾಫ್ಟ್‌ವೇರ್‌ನಿಂದ ಅಕ್ಷರಕ್ಕೆ ಇಳಿಸೋಕೆ ಹೋದರೆ ಊರಿನ ಹೆಸರು ಒಂದು ಕಡೆ, ಹುಟ್ಟುವಳಿ ಅಂಕಿ ಇನ್ನೊಂದು ಕಡೆ. ಅದನ್ನು ಕೈಯಿಂದಲೇ ಟೈಪ್ ಮಾಡಬೇಕು, ಬೇರೆ ದಾರಿ ಇಲ್ಲ. ನಕಾಶೆಯನ್ನು ಫ್ಲೆಕ್ಸ್‌ನಲ್ಲಿ ಹಾಕಿಸಿ ನೆಲಕ್ಕೆ ಹಾಸಿದೆ. ಏಳ್ನೂರು ರೂಪಾಯಿಯ ಫ್ಲೆಕ್ಸ್, ಹುಡುಗರು ತುಳಿದು ತುಳಿದು ಎರಡೇ ವಾರದಲ್ಲಿ ಹರೀತು. ಈಗ ಮಾಳಿಗೆ ಮೇಲೆ ಬಣ್ಣದಲ್ಲಿ ಕೃಷ್ಣಾ, ತುಂಗಭದ್ರಾ ಎರಡನ್ನೇ ಬರೆಸಿದ್ದೇನೆ. ಉಳಿದದ್ದೆಲ್ಲ ಸೀಮೆಸುಣ್ಣ.

ದಾರಿ ಸಿಕ್ಕಿದ್ದು ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ. ಅಣ್ಣನ ಹೊಲದ ಕೆಲಸಕ್ಕೆ ಅಲ್ಲಿ ಕೂತಿದ್ದಾಗ ಬಾಂಡ್ ರೈಟರ್ ಪತ್ರ ಬರೆಯೋದನ್ನು ನೋಡ್ತಿದ್ದೆ. ಬರೆದುಕೊಡುವವರು, ಬರೆಸಿಕೊಳ್ಳುವವರು, ಆಸ್ತಿ, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ), ಮೊಬಲಗು, ಹಳೆ ಋಣ, ತಕರಾರು ಬಂದರೆ ಯಾರ ಹೊಣೆ, ಸಾಕ್ಷಿ. ನಮ್ಮ ಹುಡುಗರ ಮನೆಯಲ್ಲಿ ಇಂಥ ಪತ್ರ ಇಲ್ಲದ ಮನೆ ಇಲ್ಲ. ಪಹಣಿಯ 11ನೇ ಕಾಲಂನಲ್ಲಿ ಹೊಲದ ಮೇಲಿನ ಹಕ್ಕು, ಋಣ ಇರುತ್ತೆ ಅಂತ ಹತ್ತನೇ ಕ್ಲಾಸಿನವನೂ ಹೇಳ್ತಾನೆ. ಅದೇ ಎಂಟು ಕಾಲಂ ಹಾಕಿ ಎ3 ಹಾಳೆಯಲ್ಲಿ ನಮೂನೆ ಮಾಡಿದೆ. ಒಪ್ಪಂದವನ್ನು ಕತ್ತರಿಸಿ ಕಲಮಿಗೊಂದು ಚೀಟಿ ಮಾಡಿದೆ. ಪೀಠಿಕೆಯ ಸ್ನೇಹ, ವಿಶ್ವಾಸದ ಮಾತನ್ನು ಮೊದಲು ಓದಿಸಲೇಬಾರದು. ಚಕ್ಕುಬಂದಿಯಿಂದ ಶುರು ಮಾಡಬೇಕು. ಚೀಟಿಗಳನ್ನು ಯಾವ ಸಾಲಿನಲ್ಲಿ ಕೊಡ್ತೀನಿ ಅನ್ನೋದನ್ನು ಇಲ್ಲಿ ಬರೆಯೋದಿಲ್ಲ. ಹಾಳೆಯ ಹಿಂದೆ ಒಂಬತ್ತನೇ ಕಾಲಂ ಒಂದಿದೆ, ಅದೂ ಕ್ಲಾಸಿಗೆ ಬಂದವರಿಗೆ ಮಾತ್ರ.

1800ರ ಅಕ್ಟೋಬರ್ ಒಪ್ಪಂದವನ್ನೇ ತಗೊಳ್ಳಿ. ಬರೆದುಕೊಡುವವರು ನಿಜಾಮ್ ಅಲಿ ಖಾನ್, ಬರೆಸಿಕೊಳ್ಳುವವರು ಕಂಪನಿ. ಆಸ್ತಿ ಅಂದರೆ 1792 ಮತ್ತು 1799ರಲ್ಲಿ ಮೈಸೂರಿನಿಂದ ನಿಜಾಮರಿಗೆ ಬಂದಿದ್ದ ಸೀಮೆ. ಚಕ್ಕುಬಂದಿ ಆರನೇ ಕಲಮಿನಲ್ಲಿದೆ. ತುಂಗಭದ್ರೆಯ ಉತ್ತರಕ್ಕಿರೋ ಕೊಪ್ಪಳ, ಗಜೇಂದ್ರಗಡ ಮುಂತಾದವು ಕಂಪನಿಗೆ ಅನುಕೂಲ ಇಲ್ಲ, ಗಡಿ ನೆಟ್ಟಗಿರಬೇಕು. ಅದಕ್ಕೆ ಅವು ನಿಜಾಮರ ಹತ್ತಿರವೇ ಉಳಿಯಲಿ, ಬದಲಿಗೆ ನದಿಯ ದಕ್ಷಿಣದ ಆದೋನಿ ಮತ್ತು ಉಳಿದ ಜಾಗ ಕಂಪನಿಗೆ ಬರಲಿ ಅನ್ನುತ್ತೆ ಅದು. ಇದನ್ನು ಓದಿದ ದಿನ ಕ್ಲಾಸು ಒಂದು ಗಳಿಗೆ ಸುಮ್ಮನಾಯಿತು. ನಮ್ಮಿಂದ ಕಂಪ್ಲಿ ಸೇತುವೆ ದಾಟಿದರೆ ಆ ಕಡೆ ಮದ್ರಾಸ್, ಈ ಕಡೆ ಹೈದರಾಬಾದ್ ಯಾಕಿತ್ತು ಅನ್ನೋದಕ್ಕೆ ಉತ್ತರ ಒಂದೇ ಚೀಟಿಯಲ್ಲಿತ್ತು. ಮುದ್ಲಾಪುರದ ಕಡೆಯ ಹುಡುಗ ಎದ್ದು ಹೋಗಿ ಸೀಮೆಸುಣ್ಣದಲ್ಲಿ ಗೆರೆ ಎಳೆದ. ನಾನು ಹೇಳಿರಲಿಲ್ಲ.

ಮೊಬಲಗಿನ ಕಾಲಂ ಬಂತು. "ರೊಕ್ಕ ಎಲ್ಲಿ ಐತ್ರಿ ಸರ?" ಅಂತ ಕೇಳಿದರು. ರೊಕ್ಕ ಇಲ್ಲ. ಎಂಟು ಸಾವಿರ ಕಾಲಾಳು, ಒಂದು ಸಾವಿರ ಕುದುರೆ ಸವಾರರ ಕಂಪನಿ ಪಡೆಯ ಖರ್ಚಿಗೆ ಈ ಸೀಮೆ, ಅದೂ ಶಾಶ್ವತವಾಗಿ. ಸಹಾಯಕ ಸೈನ್ಯ ಪದ್ಧತಿಯ ಲಕ್ಷಣಗಳು ಅಂತ ನಾನು ಎಷ್ಟೋ ವರ್ಷ ಬೋರ್ಡ್ ಮೇಲೆ ಬರೆಸಿದ್ದು ಈ ಒಂದು ಕಾಲಂನಲ್ಲಿ ಮುಗೀತು.

ನಿಜವಾದ ಫಲ ಬಂದಿದ್ದು 1853ರ ಹಾಳೆ ಪಕ್ಕಕ್ಕಿಟ್ಟಾಗ. ನಿಜಾಮರು ಖರ್ಚು ಕೊಡಬೇಕಿದ್ದ ಹೈದರಾಬಾದ್ ಕಂಟಿಂಜೆಂಟ್ ಸೈನ್ಯದ ಬಾಕಿ ಬೆಳೆದು ಬೆಳೆದು, ಬೇರಾರ್, ಧಾರಾಶಿವ, ರಾಯಚೂರು ದೋಆಬ್ ಮೂರನ್ನೂ ಕಂಪನಿಯ ಆಡಳಿತಕ್ಕೆ ಬಿಟ್ಟರಲ್ಲ, ಆ ಒಪ್ಪಂದ. ವರ್ಷವರ್ಷ ಲೆಕ್ಕ ಒಪ್ಪಿಸಬೇಕು, ಖರ್ಚು ಕಳೆದು ಉಳಿದದ್ದನ್ನು ನಿಜಾಮರಿಗೆ ಕೊಡಬೇಕು ಅಂತ ಷರತ್ತು. ಲಿಂಗಸುಗೂರು ಕಡೆಯ ಹುಡುಗಿ ಒಬ್ಬಳು ಥಟ್ಟನೆ ಅಂದಳು: "ಸರ, ಇದು ಖರೀದಿ ಅಲ್ರಿ, ಒತ್ತಿ!" ಸರಿಯಾಗಿ ಹೇಳಿದಳು. ಒತ್ತಿ ಬಿಡಿಸಿಕೊಂಡದ್ದು 1860ರಲ್ಲಿ. 1857ರ ಗಲಾಟೆಯಲ್ಲಿ ಇಂಗ್ಲಿಷರ ಕಡೆ ನಿಂತಿದ್ದಕ್ಕೆ ರಾಯಚೂರು ದೋಆಬ್, ಧಾರಾಶಿವ ವಾಪಸ್, ಸುರಪುರ ಸೀಮೆ ಜೊತೆಗೆ, 50 ಲಕ್ಷದ ಸಾಲ ಮಾಫಿ. ಬೇರಾರ್ ಮಾತ್ರ ಬಿಡಲಿಲ್ಲ. 1902ರಲ್ಲಿ ಅದು ವರ್ಷಕ್ಕೆ 25 ಲಕ್ಷದ ಶಾಶ್ವತ ಗುತ್ತಿಗೆ ಆಯಿತು. ಒಬ್ಬರದೇ ಆಸ್ತಿ, ನೂರು ಚಿಲ್ಲರೆ ವರ್ಷದಲ್ಲಿ ಒಂದು ಕಡೆ ಕೈಬಿಟ್ಟದ್ದು, ಒಂದು ಕಡೆ ಒತ್ತಿ, ಇನ್ನೊಂದು ಕಡೆ ಗುತ್ತಿಗೆ. ಮೂರು ಹಾಳೆಯನ್ನೂ ಗೋಡೆಗೆ ಸಾಲಾಗಿ ಅಂಟಿಸಿದರೆ ಯಾವ ಗೈಡೂ ಬೇಡ. ಈ ಜೋಡಣೆ ನನ್ನದೇ ಅಂತ ಹೆಮ್ಮೆಯಿಂದ ಹೇಳ್ತೀನಿ.

ಭಾರತ ಸರ್ಕಾರ ಮತ್ತು ನಿಜಾಮರ ನಡುವಿನ 1947ರ ನವೆಂಬರ್ 29ರ ಯಥಾಸ್ಥಿತಿ ಒಪ್ಪಂದಕ್ಕೂ ನಮೂನೆ ತುಂಬಿಸಿದೆ. ಐದೇ ಕಲಂ. ಆಸ್ತಿ ಖಾಲಿ, ಚಕ್ಕುಬಂದಿ ಖಾಲಿ, ಮೊಬಲಗು ಖಾಲಿ. ತಕರಾರು ಬಂದರೆ ಪಂಚಾಯ್ತಿ ಮಾಡೋದಕ್ಕೆ ಒಂದು ಕಲಂ ಇದೆ, ಅವಧಿ ಒಂದು ವರ್ಷ. ಪೊಲೀಸ್ ಕಾರ್ಯಾಚರಣೆ ನಡೆದದ್ದು 1948ರ ಸೆಪ್ಟೆಂಬರ್‌ನಲ್ಲಿ, ಅಂದರೆ ಅವಧಿ ಮುಗಿಯೋದರೊಳಗೆ. ಇಲ್ಲಿ ಜಗಳ ಶುರುವಾಯಿತು. ಮೊದಲು ಮುರಿದದ್ದು ಯಾರು ಅಂತ ಒಂದು ಗಂಟೆ ವಾದ. ನಾನು ತಡೆಯಲಿಲ್ಲ. ಖಾಲಿ ಕಾಲಮೂ ಪಾಠ ಮಾಡುತ್ತೆ ಅಂತ ಗೊತ್ತಾದದ್ದು ಅವತ್ತೇ.

ಯುದ್ಧದ ನಿಯಮಗಳಿಗೆ ಈ ನಮೂನೆ ಹಾಗೇ ಕೂರೋದಿಲ್ಲ. ಅದಕ್ಕೆ ಬೇರೆ ಮಾಡಿದೆ, ನಾಲ್ಕೇ ಕಾಲಂ: ಯಾರನ್ನು ಮುಟ್ಟಬಾರದು, ಏನನ್ನು ಮುಟ್ಟಬಾರದು, ಸಿಕ್ಕಿದ ಕೈದಿ ಯಾರ ಕೈಯಲ್ಲಿ, ಮುರಿದರೆ ಯಾರು ಕೊಡಬೇಕು. ಶುರು ಮಾಡಿದ್ದು ನಮ್ಮ ಮುದಗಲ್ಲಿನಿಂದ. ಬುಕ್ಕರಾಯ ಮತ್ತು ಬಹಮನಿ ಮಹಮ್ಮದ್ ಷಾನ ಯುದ್ಧದಲ್ಲಿ ಮುದಗಲ್ ಕೋಟೆಯವರನ್ನು ಕೊಂದದ್ದು, ಅದಕ್ಕೆ ಸೇಡು, ಕೊನೆಗೆ ಇನ್ನು ಮುಂದೆ ಕೈದಿಗಳನ್ನು, ಆಯುಧ ಇಲ್ಲದವರನ್ನು ಕೊಲ್ಲಬಾರದು ಅಂತ ಆದ ಮಾತು, ಎಲ್ಲಾ ಇತಿಹಾಸಕಾರ ಫೆರಿಶ್ತಾ ಬರೆದಿದ್ದಾನೆ. ಮೊದಲ ಕಾಲಂ ಸಲೀಸಾಗಿ ತುಂಬಿತು. ಕೊನೆಯದು ಖಾಲಿ, ಯಾಕಂದರೆ ಅಲ್ಲಿರೋದು ದೊರೆಯ ಮಾತು ಮಾತ್ರ. ಸಾಕ್ಷಿಯನ್ನೂ ಹುಡುಗರು ಬಿಡಲಿಲ್ಲ: ಯುದ್ಧ 1366ರ ಆಸುಪಾಸು, ಬರೆದವನು ಬಿಜಾಪುರದಲ್ಲಿದ್ದವನು, ಅದೂ ಸುಮಾರು ಇನ್ನೂರ ನಲವತ್ತು ವರ್ಷ ಆದಮೇಲೆ! ಪಕ್ಕದಲ್ಲಿ ಅಮೆರಿಕ ತನ್ನ ಸೈನ್ಯಕ್ಕೆ ಮಾಡಿದ ನಿಯಮ, 1863ರ ಲೀಬರ್ ಸಂಹಿತೆ ಇಟ್ಟೆ. ಕೈದಿ ಹಿಡಿದವನ ಸೊತ್ತಲ್ಲ, ಸರ್ಕಾರದ ಕೈದಿ ಅಂತ ಅದರಲ್ಲಿದೆ. ಯುದ್ಧದ ನಿಯಮಗಳ ಬಗ್ಗೆ ದೇಶದೇಶಗಳು ಮಾಡಿಕೊಂಡ 1907ರ ಹೇಗ್ ಒಪ್ಪಂದದಲ್ಲಿ ನಾಲ್ಕೂ ಕಾಲಂ ತುಂಬ್ತವೆ. ದಾಳಿ ಮಾಡಿ ಹಿಡಿದ ಊರನ್ನೂ ಲೂಟಿ ಮಾಡಬಾರದು, ನಿಯಮ ಮುರಿದ ಪಕ್ಷ ಪರಿಹಾರ ಕೊಡಬೇಕು. ಹೇಗ್ ಅಂದರೆ ನಿದ್ದೆ ಹೋಗ್ತಿದ್ದ ಹುಡುಗರು ಮುದಗಲ್ಲಿನ ಪಕ್ಕ ಇಟ್ಟಾಗ ಎಚ್ಚರಾದರು.

ಅದೇ ಹುರುಪಿನಲ್ಲಿ ಎರಡು ಕ್ರೂಸರ್ ಮಾಡಿಕೊಂಡು ಮುದಗಲ್ ಕೋಟೆಗೂ ಹೋಗಿಬಂದೆವು. ಬಾಡಿಗೆ, ಊಟ ಸೇರಿ ಒಂಬತ್ತು ಸಾವಿರ ಮುಟ್ಟಿತು. ಹುಡುಗರು ಖುಷಿಪಟ್ಟರು, ಆದರೆ ಪಾಠದ ಲೆಕ್ಕದಲ್ಲಿ ಎರಡು ರೂಪಾಯಿಯ ಆ ಹಾಳೆ ಕೊಟ್ಟಷ್ಟು ಫಲ ಅದು ಕೊಡಲಿಲ್ಲ. ದುಡ್ಡಿದ್ದರೆ ಹೋಗಿ, ಇಲ್ಲದಿದ್ದರೆ ಚಿಂತೆ ಬೇಡ.

ಈಗ 1953ರ ಆಂಧ್ರ ರಾಜ್ಯ ಕಾಯ್ದೆಗೆ ಅದೇ ಎಂಟು ಕಾಲಂ ಹಚ್ಚುತ್ತಿದ್ದೇನೆ. ಮದ್ರಾಸಿನಲ್ಲಿದ್ದ ಬಳ್ಳಾರಿ ಮೈಸೂರಿಗೆ ಬಂತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಕೊಪ್ಪಳದ ಬದಲಿಗೆ ಕಂಪನಿ ತಗೊಂಡಿದ್ದ ಅದೇ ಆದೋನಿ. ಚಕ್ಕುಬಂದಿ ಸಲೀಸಾಗಿ ತುಂಬುತ್ತೆ. ಸಿಕ್ಕಿಕೊಳ್ಳೋದು ಬರೆದುಕೊಡುವವರ ಸಹಿಯಲ್ಲಿ. ನಮ್ಮ ಸಂವಿಧಾನದ 3ನೇ ವಿಧಿಯಲ್ಲಿ ರಾಜ್ಯದ ಶಾಸನಸಭೆಯ ಅಭಿಪ್ರಾಯ ಕೇಳಬೇಕು, ಒಪ್ಪಿಗೆ ಬೇಕಿಲ್ಲ. ಗಡಿ ಬದಲಿಸೋದು ಸಂಸತ್ತು. ಹಾಗಾಗಿ ಆ ಜಾಗದಲ್ಲಿ ಮದ್ರಾಸ್ ಅಂತ ಬರೆಯಬೇಕಾ, ಖಾಲಿ ಬಿಡಬೇಕಾ ಅಂತ ಈ ಬ್ಯಾಚಿನಲ್ಲಿ ಎರಡು ಗುಂಪಾಗಿದೆ. ಖಾಲಿ ಬಿಡಬೇಕು ಅನ್ನೋರ ಕಡೆ ನಾನಿದ್ದೇನೆ.