ಅಜ್ಜಿಯ ಗಂಟು ಮೊದಲು, ಇಸವಿ ಆಮೇಲೆ

ನವೆಂಬರ್ ಬಂತೆಂದರೆ ಮೂಡಿಗೆರೆ ಕಡೆಯ ಶಾಲೆಗಳಲ್ಲಿ ಮೊಬೈಲಿನಿಂದ ನಾಡಿನ ಇತಿಹಾಸ ಕೇಳಿಸುವುದು ಈಗ ಮಾಮೂಲು. ಇಪ್ಪತ್ತು ನಿಮಿಷದ ಪಾಠ, ಹಿಂದೆ ವೀಣೆ. ನಾನೂ ಹಾಗೇ ಹಾಕಿದವನು. “1956ರಲ್ಲಿ ಏನಾಯ್ತ್ರೋ?” ಅಂದರೆ ನಾಲ್ಕನೇ ಕ್ಲಾಸು “ಏಕೀಕರಣ ಸಾರ್” ಎಂದು ಕೂಗಿತು. “ಹಂಗಂದ್ರೆ?” ಅಂದೆ. ಬಿಸಿಯೂಟದ ಕುಕ್ಕರ್ ಮಾತ್ರ ಸೀಟಿ ಹೊಡೆಯಿತು.

ಇಂಥ ಪಾಠದ ಬದಲು ತೋಟಕ್ಕೆ ದುಡಿಯಲು ಬಂದ ಅಜ್ಜಿಯ ಮಾತನ್ನೇ ಮೊಬೈಲಿನಲ್ಲಿ ಹಿಡಿದು ಕೇಳಿಸಿ. ಮೊದಲು ಕಥೆ ಆರಿಸಿ. ಹೊಯ್ಸಳರು ಬೇಲೂರು ಪ್ರವಾಸಕ್ಕಿರಲಿ. ಇದಕ್ಕೆ ಚಾರ್ಮಾಡಿ ರಸ್ತೆಯೇ ಸಾಕು. 1956ರ ಅಕ್ಟೋಬರ್ 31ರವರೆಗೆ ಘಟ್ಟದ ಕೆಳಗಿನ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು, ಮೇಲಿನ ಚಿಕ್ಕಮಗಳೂರು ಮೈಸೂರಿಗೆ. ಉಜಿರೆ ಕಡೆಯಿಂದ ಕಾಫಿ ಕೊಯ್ಲಿಗೆ ಕೊಟ್ಟಿಗೆಹಾರ ಹತ್ತಿದವರು ರಾಜ್ಯವನ್ನೇ ದಾಟುತ್ತಿದ್ದರು. ಮರುದಿನ ಅದೇ ತಿರುವು, ಅದೇ ಮಂಜು, ರಾಜ್ಯ ಮಾತ್ರ ಒಂದೇ. ಕರ್ನಾಟಕ ಎಂಬ ಹೆಸರು 1973ರದ್ದು. ಇಷ್ಟು ಇಸವಿ ಸಾಕು.

ಎಲ್ಲರೂ ಎಡವುವುದು ಅಜ್ಜಿಯ ಮುಂದೆ ಮೊಬೈಲ್ ಹಿಡಿದಾಗ. “ನೀವು ಯಾವಾಗ ಬಂದ್ರಿ?” ಎಂದು ಕೇಳಬಾರದು. “ಯಾವಾಗಲೋ ಬಂದ್ವಪ್ಪ” ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ತೋಟದ ಕೆಲಸಗಾರರ ಸಾಲುಮನೆ, ಅಂದರೆ ಲೈನ್ ಮನೆಯೊಂದರಲ್ಲಿ ಐದನೇ ಕ್ಲಾಸಿನ ಹುಡುಗಿ ಕೇಳಿದ್ದು ಬೇರೆ: “ಅಜ್ಜಿ, ಬರುವಾಗ ಗಂಟಲ್ಲಿ ಏನಿತ್ತು?” ಅಜ್ಜಿ ಎಲೆ ಅಡಿಕೆ ಒಂದು ಕೆನ್ನೆಗೆ ತಳ್ಳಿಕೊಂಡರು. “ಗಂಟಲ್ಲಿ ಕುಚ್ಚಲಕ್ಕಿ, ಒಣಮೀನು. ಕಂಕುಳಲ್ಲಿ ತಮ್ಮ. ಅವನಿಗೆ ದಾರಿಯೆಲ್ಲಾ ಅಕ್ಕಿ ಮೇಲೇ ಕಣ್ಣು.” ಮುಂದಿನ ಹತ್ತು ನಿಮಿಷ ಯಾರೂ ಪ್ರಶ್ನೆ ಹಾಕಬೇಕಾಗಲಿಲ್ಲ. ಹೊತ್ತು ತಂದದ್ದು, ಮೊದಲ ರಾತ್ರಿ ಉಂಡದ್ದು, ಮೇಸ್ತ್ರಿ ಕೂಗುತ್ತಿದ್ದ ರೀತಿ: ಈ ಮೂರನ್ನು ಕೇಳಿ. ಪ್ರಶ್ನೆ ಮಗುವೇ ಕೇಳಬೇಕು. ಮೇಷ್ಟ್ರು ಕೇಳಿದರೆ ಅಜ್ಜಿ ಪುಸ್ತಕದ ಕನ್ನಡಕ್ಕೆ ತಿರುಗುತ್ತಾರೆ. ಅವರು ಸುಮ್ಮನಾದರೆ ನೀವೂ ಸುಮ್ಮನಿರಿ, ಒಳ್ಳೆಯ ಮಾತು ಬರುವುದೇ ಆಮೇಲೆ.

ಮೊಬೈಲ್ ಬಾಯಿಂದ ಒಂದು ಗೇಣು ದೂರ, ಮಡಚಿದ ಟವೆಲ್ ಮೇಲೆ. ಮಳೆಗಾಲ ಬೇಡವೇ ಬೇಡ: ತಗಡಿನ ಸದ್ದು, ಸಂಜೆಯಾದರೆ ಜೀರುಂಡೆ. ಕೋಳಿ ಕೂಗಿದರೆ ಇರಲಿ ಬಿಡಿ. ಬರೆದದ್ದನ್ನು ತಾನೇ ಓದುವ ಆ್ಯಪ್ ಉಂಟು ಎಂದು ಆಸೆಪಡಬೇಡಿ, ಅದಕ್ಕೆ ಉಸಿರಿಲ್ಲ. ಸಂತೆಯಲ್ಲಿ ಸಿಗುವ ಢಂ ಢಂ ಸ್ಪೀಕರಿನಲ್ಲಿ ಮುದುಕರ ದನಿ ಬಾವಿಯೊಳಗಿಂದ ಬಂದಂತಿರುತ್ತದೆ. ಹಳೇ ರೇಡಿಯೊದಂಥ ಸಣ್ಣ ಸ್ಪೀಕರೇ ಮೇಲು.

ಕತ್ತರಿಸಿ ನಾಲ್ಕು ನಿಮಿಷಕ್ಕೆ ಇಳಿಸಿ.

ಕೇಳಿಸುವಾಗ ಘಟ್ಟದ ಅರ್ಧದಲ್ಲಿ ನಿಲ್ಲಿಸಿ. “ಈಗ ಯಾವ ರಾಜ್ಯದಲ್ಲಿದ್ದಾರೆ?” ಎಂದು ಕೇಳಿ, ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಮಕ್ಕಳನ್ನು ದಾಟಿಸಿ. ಕಥೆ ಮುಗಿದ ಮೇಲೆ ಗೆರೆಯನ್ನು ಅವರ ಕೈಯಿಂದಲೇ ಒರೆಸಿ. ಗೆರೆ ಹೋದರೂ ಅಜ್ಜಿ ಬೆಳಿಗ್ಗೆ ಎದ್ದು ತೋಟಕ್ಕೇ ಹೋದರಲ್ಲ ಎಂದು ಒಬ್ಬಳಾದರೂ ಕೇಳುತ್ತಾಳೆ.

ಒಂದು ಎಚ್ಚರ. “ನಮ್ಮ ಕ್ಲಾಸಲ್ಲಿ ಹೊರಗಿಂದ ಬಂದವರು ಯಾರು?” ಎಂದು ಕೈ ಎತ್ತಿಸಬೇಡಿ. ಅದಕ್ಕಿಂತ ಕಾಫಿಯನ್ನೇ ಎಬ್ಬಿಸಿ ನಿಲ್ಲಿಸಿ: ಬಾಬಾ ಬುಡನ್ ಯೆಮನ್‌ನಿಂದ ತಂದ ಏಳು ಬೀಜ ಎಂಬ ಪ್ರತೀತಿ. ತೋಟದ ನೆರಳಿನ ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು. ಅಜ್ಜಿಯ ಸಾರಿನ ಮೆಣಸಿನಕಾಯಿ ಅಮೆರಿಕ ಖಂಡದ್ದು.

ಈಗ ತೋಟಗಳಿಗೆ ಅಸ್ಸಾಮಿನವರೂ ಬರುತ್ತಾರೆ, ಅವರ ಮಕ್ಕಳು ನಮ್ಮ ಬೆಂಚಿನಲ್ಲಿದ್ದಾರೆ. ಆ ತಾಯಿಯ ಮಾತನ್ನು ಒಪ್ಪಿಗೆ ಕೇಳಿಯೇ ಹಿಡಿಯಿರಿ. ಕಾಗದ ಪತ್ರ, ಕೂಲಿಯ ವಿಷಯ ಎತ್ತಬೇಡಿ. ಅವರ ಭಾಷೆಯಲ್ಲೇ ಅರ್ಧ ನಿಮಿಷ ಕೇಳಿಸಿ. ಆಮೇಲೆ ಮಗು ಎದ್ದು ನಿಂತು, ಅಮ್ಮ ಏನಂದರು ಎಂದು ತನ್ನ ಕನ್ನಡದಲ್ಲಿ ಹೇಳಲಿ. ವ್ಯಾಕರಣ ತಿದ್ದಲು ಹೋಗಬೇಡಿ.